ಸೋಮವಾರ ತೊಳೆದ ಕಂಬ

ಕೊಂಕಲ್‌ನ ನನ್ನ ತವರುಮನೆಯಲ್ಲಿ ಮೇಲೆ ಇಟ್ಟದ್ದು ಮೇಲೆಯೇ ಇರುತ್ತಿತ್ತು. ಮಣ್ಣಿನ ಮಾಳಿಗೆ, ಸಪಾಟು. ಮೆಣಸಿನಕಾಯಿ ಹರವಿದರೂ, ಕೌದಿ ಒಣಹಾಕಿದರೂ, ಒರಳುಕಲ್ಲನ್ನೇ ಹೊತ್ತೊಯ್ದು ಇಟ್ಟರೂ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಇಳಿಜಾರು ಮಾಡಿನ ಮೇಲೆ ಸಾಮಾನು ನಿಲ್ಲಿಸುವುದೂ ಒಂದು ವಿದ್ಯೆ ಎಂದು, ಮದುವೆಯಾಗಿ ಶಹಾಪುರಕ್ಕೆ ಬಂದು ಆರು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನದ ಕೆಲವು ಗಳಿಗೆಗಳು ತಲೆಯಲ್ಲಿ ಈಗಲೂ ಕಲಸಿಕೊಂಡೇ ಇವೆ.

ಗಂಡನ ಮನೆಯ ಹಿಂದಿನ ಪಡಸಾಲೆಗೆ ಹಂಚಿನ ಮಾಡು. ಒಂದು ಇಳಿಜಾರು ಅಂಗಳದ ಕಡೆಗೆ, ಇನ್ನೊಂದು ಹಿತ್ತಲ ಕಡೆಗೆ. ಹಂಚು ಒಡೆದು ಸೋರತೊಡಗಿದಾಗ ತಗಡು ಹಾಕಿಸೋಣ ಎಂದರು ನನ್ನ ಗಂಡ. ಅತ್ತೆ ಕೇಳಬೇಕಲ್ಲ! "ಬ್ಯಾಸಗ್ಯಾಗ ತಗಡಿನ ಬುಡಕ ನೀನ ಮಲಗು" ಎಂದು ಮಗನ ಬಾಯಿ ಮುಚ್ಚಿಸಿ, ಸಗರದಿಂದ ಒಬ್ಬ ಮುದುಕರನ್ನು ಕರೆಸಿದರು. ನಮ್ಮ ಕಡೆ ಹಂಚು ಹೊದಿಸಬಲ್ಲವರು ಸಿಗುವುದೇ ಅಪರೂಪ. ಅಜ್ಜನನ್ನು ಕರೆಯುವ ಹಾಗೆ ಅವರನ್ನು ಮುತ್ಯಾ ಎಂದೇ ಕರೆದೆವು.

ಮುತ್ಯಾ ಭಾನುವಾರ ಸಂಜೆಯೇ ಬಂದು, ಹಿತ್ತಲ ಕಡೆಯ ಇಳಿಜಾರಿಗೆ ಉದ್ದನೆಯ ಹಲಗೆಯೊಂದನ್ನು ಅಡ್ಡ ಇಟ್ಟರು. ಅದರ ಎರಡು ತುದಿಗೆ ಎರಡು ಹಗ್ಗ ಬಿಗಿದು, ಮಾಡಿನ ನೆತ್ತಿ ದಾಟಿಸಿ, ಅಂಗಳದ ಕಡೆ ಇಳಿಬಿಟ್ಟು, ಪಡಸಾಲೆಯ ಎರಡು ಕಂಬಗಳಿಗೆ ಕಟ್ಟಿದರು. ಮರುದಿನ ಹೊಸ ಹಂಚನ್ನು ಆ ಹಲಗೆಗೆ ಒರಗಿಸಿ ಪೇರಿಸಿ, ಅಲ್ಲಿಂದ ಒಂದೊಂದೇ ತೆಗೆದು ಹೊದಿಸುವುದು ಅವರ ಲೆಕ್ಕಾಚಾರ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅವರು ಕಟ್ಟುವಾಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

ಸೋಮವಾರ ಬೆಳಿಗ್ಗೆ ಕಂಬ ತೊಳೆದು ವಿಭೂತಿ ಹಚ್ಚುವುದು ನಮ್ಮ ಮನೆಯಲ್ಲಿ ಸೊಸೆಯ ಕೆಲಸ. ನೋಡಿದರೆ ವಿಭೂತಿ ಹಚ್ಚುವ ಜಾಗಕ್ಕೇ ಹಗ್ಗ ಸುತ್ತಿತ್ತು. ಯಾರೋ ಎಮ್ಮೆ ಕಟ್ಟುವ ಹಗ್ಗ ಇಲ್ಲಿ ಸುತ್ತಿಟ್ಟಿದ್ದಾರೆ ಎಂದುಕೊಂಡೆ. ಅದು ಎಲ್ಲಿಗೆ ಹೋಗಿದೆ ಎಂದು ಕತ್ತೆತ್ತಿ ನೋಡಲಿಲ್ಲವೇ? ನೋಡಿದ್ದೆನೇನೋ. ನೋಡಿಯೂ ತಿಳಿಯಲಿಲ್ಲ. ಮೇಲೆ ಹಂಚು ಇನ್ನೂ ಏರಿರಲಿಲ್ಲ, ಹಗ್ಗಕ್ಕೆ ಭಾರವಿರಲಿಲ್ಲ. ಬಿಚ್ಚಿದೆ, ತೊಳೆದೆ, ಮೂರು ಬೆರಳ ವಿಭೂತಿ ಎಳೆದೆ, ಮತ್ತೆ ಕಟ್ಟಿದೆ. ಇನ್ನೊಂದು ಕಂಬಕ್ಕೆ ಕೈ ಹಾಕುವಷ್ಟರಲ್ಲಿ ಹಾಲು ಉಕ್ಕಿತೆಂದು ಅತ್ತೆ ಕೂಗಿದರು. ಆ ಕಂಬ ಹಾಗೇ ಉಳಿಯಿತು.

ಹತ್ತು ಗಂಟೆ ಸುಮಾರಿಗೆ ಹಂಚು ಏರಿಸಿ ಮುಗಿಸಿದ ಮುತ್ಯಾ ಚಹಾಕ್ಕೆಂದು ಕೆಳಗಿಳಿದು ಅಂಗಳಕ್ಕೆ ಬಂದರು. ಕಪ್ಪು ಬಾಯಿಗಿಟ್ಟಿದ್ದರಷ್ಟೇ, ಹಿತ್ತಲಲ್ಲಿ ಧಡಧಡ ಸದ್ದಾಯಿತು. ಎಲ್ಲರೂ ಓಡಿದೆವು. ಏಣಿಯ ಬುಡದಲ್ಲಿ, ಅವರು ಆಗಷ್ಟೇ ಕಾಲಿಟ್ಟು ಬಂದಿದ್ದ ಜಾಗದಲ್ಲಿ, ಹಂಚಿನ ಚೂರುಗಳ ರಾಶಿ. ಮೇಲೆ ಹಲಗೆ ಒಂದೇ ಹಗ್ಗಕ್ಕೆ ಜೋತು ಬಿದ್ದಿತ್ತು.

"ನೀವು ಉಳದ್ರಲ್ಲ ಮುತ್ಯಾ, ಹಂಚು ಹೋದ್ರ ಹೋಗ್ಲಿ" ಎಂದರು ಅತ್ತೆ. ಮುತ್ಯಾ ಅಂಗಳಕ್ಕೆ ಮರಳಿ, ಹಗ್ಗವಿಲ್ಲದ ಕಂಬವನ್ನು ನೋಡಿದರು. ಆಮೇಲೆ ತಮ್ಮ ಎರಡೂ ಅಂಗೈ ನೋಡಿಕೊಂಡರು.

"ನಾನ ಕಟ್ಟಿದ್ದ ಗಂಟು ರಿ. ಇಷ್ಟ ವರ್ಷದಾಗ ಒಂದೂ ಬಿಚ್ಚಿಲ್ಲ. ಕೈಯಾನ ಕಸುವು ಹೋತು. ಬ್ಯಾರೆದವ್ರನ್ನ ನೋಡ್ಕೋರಿ, ನಾ ಇನ್ನ ಯಾರ ಮಾಡೂ ಹತ್ತಂಗಿಲ್ಲ."

ಹಾಗೆಂದು ಸುತ್ತಿಗೆಯನ್ನು ಚೀಲಕ್ಕೆ ಹಾಕತೊಡಗಿದರು.

ನನಗೆ ತಲೆಬುಡ ತಿಳಿಯಲಿಲ್ಲ. ಬಿದ್ದದ್ದು ಹಿತ್ತಲಲ್ಲಿ, ಇವರು ಅಂಗಳದ ಕಂಬವನ್ನೇಕೆ ನೋಡುತ್ತಾರೆ? ಇನ್ನೊಂದು ಕಂಬದಲ್ಲಿ ಉಳಿದಿದ್ದ ಹಗ್ಗದ ಗುಂಟ ಕಣ್ಣು ಹರಿಸಿದೆ. ಅದು ಬಿಗಿಯಾಗಿ ಮೇಲೇರಿ, ನೆತ್ತಿ ದಾಟಿ, ಆಚೆ ಹೋಗಿತ್ತು. ಹಗ್ಗ ಉಳಿದ ಕಂಬಕ್ಕೆ ವಿಭೂತಿ ಇರಲಿಲ್ಲ. ಹಗ್ಗ ಹೋದ ಕಂಬಕ್ಕೆ ಇತ್ತು. ಬೆಳಿಗ್ಗೆ ನಾನು ಬಿಚ್ಚಿದ್ದು ಅದನ್ನೇ.

ಆದರೆ ನಾನು ಮತ್ತೆ ಕಟ್ಟಿದ್ದೆನಲ್ಲ? ಗಟ್ಟಿಯಾಗಿ ಕಟ್ಟಿದ್ದೆನೋ ಇಲ್ಲವೋ? ಹಗ್ಗವನ್ನು ಎರಡು ಸುತ್ತು ಸುತ್ತಿದ್ದೆನೋ, ಒಂದೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅತ್ತೆಯ ಬಾಯಿಯ ಭಯ ಬೇರೆ. ಆದರೆ ಮುತ್ಯಾ ಚೀಲದ ಬಾಯಿ ಕಟ್ಟಿ, ಆ ಗಂಟನ್ನೇ ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

"ಮುತ್ಯಾ, ಆ ಹಗ್ಗ ಮುಂಜಾನಿ ನಾ ಬಿಚ್ಚಿದ್ದೆ ರಿ. ಕಂಬ ತೊಳದು ಮತ್ತ ಕಟ್ಟೀನಿ."

"ನನ್ನ ಸಮಾಧಾನಕ್ಕ ಹೇಳಬ್ಯಾಡ ಯವ್ವಾ."

"ಖರೇನ ಹೇಳಾಕತ್ತೇನಿ ರಿ."

ಮುತ್ಯಾ ಚೀಲ ಬಿಚ್ಚಿ ಒಂದು ತುಂಡು ಹಗ್ಗ ತೆಗೆದು ಕೊಟ್ಟರು. "ಹೆಂಗ ಕಟ್ಟಿದಿ, ಕಟ್ಟಿ ತೋರಸು."

ಸಣ್ಣಾಕೆಯಿದ್ದಾಗಿನಿಂದ ಕರು ಕಟ್ಟಿ ರೂಢಿಯಾದ ಹಾಗೆ ಕಟ್ಟಿದೆ. ಅವರು ಒಮ್ಮೆ ಜೋರಾಗಿ ಜಗ್ಗಿದರು. ಗಂಟು ಸರ್ರನೆ ಜಾರಿ ಹಗ್ಗ ಅವರ ಕೈಗೆ ಬಂತು. ಹಗ್ಗವನ್ನೂ ನನ್ನನ್ನೂ ಒಂದು ಗಳಿಗೆ ನೋಡಿದರು.

"ಕರ ಕಟ್ಟೋ ಗಂಟು! ಅಲ್ಲ, ಮ್ಯಾಲ ನೋಡಾಕ ಕಣ್ಣಿಲ್ಲೇನು ನಿನಗ? ಚಹಾ ಒಂದೀಟು ತಡ ಆಗಿದ್ರ ನನ್ನ ತಲಿ ಒಡದು ಹೋಳಾಗ್ತಿತ್ತು!"

ಅತ್ತೆಯೂ ದನಿಗೂಡಿಸಿದರು. ಅಷ್ಟು ಬೈಗುಳ ನಾನು ಜನ್ಮದಲ್ಲಿ ತಿಂದಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನಾಚಿಕೆಗೋ, ನೆಮ್ಮದಿಗೋ, ಇವತ್ತಿಗೂ ತಿಳಿಯದು. ಮುತ್ಯಾ ಬೈಯುತ್ತಲೇ ಸೂರಿನಂಚಿಗೆ ಸಿಕ್ಕಿಕೊಂಡಿದ್ದ ಹಲಗೆಯ ಹಗ್ಗವನ್ನು ಎಳೆದು ಅದೇ ಕಂಬಕ್ಕೆ ಬಿಗಿದು, ಕಾಲು ಕೊಟ್ಟು ಜಗ್ಗಿ ನೋಡಿದರು. ಬೈಯುತ್ತಲೇ ಚೀಲದಿಂದ ಸುತ್ತಿಗೆ ತೆಗೆದರು. ಹಿತ್ತಲಿಗೆ ಹೋಗಿ ಏಣಿ ಹತ್ತಿದ ಮೇಲೂ ಬೈಗುಳ ನಿಲ್ಲಲಿಲ್ಲ.

"ಕೇಳ್ತೇನು ಯವ್ವಾ," ಮಾಡಿನ ನೆತ್ತಿಯಿಂದ ದನಿ ಬಂತು, "ನನ್ನ ಕೆಲಸ ಮುಗಿಯೋ ತನಕ ಆ ಕಂಬಕ್ಕ ಸೋಮಾರ ಇಲ್ಲ!"