ಅಳಿಯನ ಖಿನ್ನತೆ, ಅತ್ತೆಯ ಸ್ಕ್ಯಾನು

ಆ ಬಡಾವಣೆಯ ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಮೇಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರಲ್ಲ ಅದು. ಯಾವಾಗ ಫೋನು ಮಾಡಿ ಎಲ್ಲಿದ್ದೀಯ ಎಂದು ಕೇಳಿದರೂ "ಮೇಲಿದ್ದೀನಿ, ಮೇಲೆ!" ಎಂದು ಕೂಗುತ್ತಿದ್ದುದರಿಂದ ಅಂಟಿಕೊಂಡದ್ದು. ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಕುಳಿತು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಳಗಿದ್ದವರ ಜೊತೆ ಹರಟೆ ಹೊಡೆಯಬಲ್ಲ ಮನುಷ್ಯ.

ಮನೆಯಲ್ಲಿ ಹರಟೆಗೆ ಜೋಡಿ ಅವನ ಅತ್ತೆ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಅವನಿಗೆ ಅವರ ಅಡುಗೆ ಸರಿಬರದು, ಅವರಿಗೆ ಅವನ ಗ್ರೀಸು ಹತ್ತಿದ ಅಂಗಿ ಸರಿಬರದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ, "ನನಗೆ ಸಿನಿಮಾ ಖರ್ಚೇ ಇಲ್ಲ" ಎಂದು ಗಿರಾಕಿಗಳಿಗೆ ಹೇಳಿ ನಗುತ್ತಿದ್ದಳು.

ಆ ಸಿನಿಮಾ ಒಂದು ವರ್ಷ ಯಾವ ಕಾರಣವೂ ಇಲ್ಲದೆ ನಿಂತುಹೋಯಿತು. ಕೆಲಸ ಇತ್ತು, ಸಂಬಳ ಇತ್ತು, ಯಾರೂ ಸತ್ತಿರಲಿಲ್ಲ. ಆದರೂ ಮೇಲಣ್ಣ ಬೆಳಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೇ ಕುಳಿತುಬಿಡುತ್ತಿದ್ದ. ನಿದ್ದೆ ಬಾರದು, ಬಂದರೆ ಏಳಲಾಗದು. ಜೊತೆ ಕೆಲಸಗಾರರು ತಲೆಗೊಂದು ಸಲಹೆ ಕೊಟ್ಟರು. ಒಬ್ಬ ಬಾಳೆಹಣ್ಣು ತಿನ್ನು ಎಂದ, ಇನ್ನೊಬ್ಬ ಬೆಳಗ್ಗೆ ಎದ್ದು ಓಡು ಎಂದ. ಮೂರನೆಯವನು, "ನಿಂಗೇನಯ್ಯಾ ಕಮ್ಮಿ ಆಗಿರೋದು?" ಎಂದು ಕೇಳಿದ. ಅವನಿಗೆ ಹೆಚ್ಚು ನೋವಾದದ್ದು ಅದೇ ಮಾತಿನಿಂದ. ಏನೂ ಕಮ್ಮಿಯಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಅತ್ತೆ ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಬೇಕೆಂದೇ ಸಾರಿಗೆ ಎರಡು ಪಾಲು ಉಪ್ಪು ಸುರಿದು ಬಡಿಸಿದರು. ಅಳಿಯ ಸದ್ದಿಲ್ಲದೆ ಉಂಡು ಎದ್ದ.

"ಉಪ್ಪು ಹೇಗಿತ್ತು ಅಳಿಯಂದ್ರೇ?"

"ಸರಿಯಾಗಿತ್ತು ಅತ್ತೆ."

ಅಡುಗೆಯಲ್ಲಿ ತಪ್ಪು ಹುಡುಕದೆ ಏಳದವನು ಹಾಗೆಂದದ್ದೇ ಅತ್ತೆಗೆ ಸಾಕಾಯಿತು. ಮರುದಿನ ಬೆಳಗ್ಗೆಯೇ "ಅಯ್ಯೋ ನನ್ನ ಮೊಣಕಾಲು!" ಎಂದು ರಾಗ ತೆಗೆದು, ಅವನ ತೋಳು ಹಿಡಿದು ಆಸ್ಪತ್ರೆಗೆ ಹೊರಟರು. ಮೂಳೆಯ ವಿಭಾಗ ದಾಟಿ ಬೇರೊಂದು ಬಾಗಿಲ ಮುಂದೆ ನಿಂತರು. ಒಳಗೆ ಮನೋವೈದ್ಯೆ, "ಯಾರಿಗೆ ತೊಂದರೆ?" ಎಂದಾಗ, "ಮೊಣಕಾಲು ನನ್ನದು, ಅದು ಗಟ್ಟಿಮುಟ್ಟಾಗಿದೆ. ಕಾಯಿಲೆ ಇವರದ್ದು. ನಾನು ಹೊರಗಿರ್ತೀನಿ" ಎಂದು ಬಾಗಿಲು ಎಳೆದುಕೊಂಡರು.

ಓಡಿಹೋಗಲು ದಾರಿಯಿಲ್ಲದೆ ಮೇಲಣ್ಣ ಬಾಯಿಬಿಟ್ಟ. "ಕರೆಂಟ್ ಇದೆ ಮೇಡಂ, ಮೋಟ್ರೂ ಚೆನ್ನಾಗಿದೆ. ಬಟನ್ ಒತ್ತಿದ್ರೆ ಮಾತ್ರ ಏನೂ ಆಗಲ್ಲ." ಹೇಳುತ್ತಲೇ ಅತ್ತ. ವೈದ್ಯೆ ಅದಕ್ಕೆ ಖಿನ್ನತೆ ಎಂದು ಹೆಸರಿಟ್ಟು, ಸೋಮಾರಿತನವಲ್ಲ, ಕಾಯಿಲೆ ಎಂದರು. ಮಾತ್ರೆಯ ಜೊತೆಗೆ ವಾರವಾರ ಕೂತು ಮಾತಾಡುವ ಚಿಕಿತ್ಸೆಯೂ ಶುರುವಾಯಿತು. ಮಾತ್ರೆ ಕೆಲಸ ಮಾಡಲು ವಾರಗಳೇ ಬೇಕು ಎಂದು ಮೊದಲೇ ಹೇಳಿದ್ದರು. ಆದರೂ ಮೇಲಣ್ಣ ಎರಡನೆಯ ದಿನವೇ ಕನ್ನಡಿಯಲ್ಲಿ ಮುಖ ನೋಡಿಕೊಂಡು ನಿಟ್ಟುಸಿರು ಬಿಟ್ಟ.

ಆ ದಿನಗಳಲ್ಲೇ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಖಿನ್ನತೆಯಲ್ಲಿ ಮೆದುಳು ಹೇಗೆ ಕೆಲಸ ಮಾಡುತ್ತದೆ, ಚಿಕಿತ್ಸೆಯಿಂದ ಏನು ಬದಲಾಗುತ್ತದೆ ಎಂದು ಸ್ಕ್ಯಾನ್ ಮಾಡಿ ನೋಡುವುದು. ಹೋಲಿಕೆಗಾಗಿ, ಯಾವತ್ತೂ ಆ ಕಾಯಿಲೆ ಬಾರದವರೂ ಬೇಕಾಗಿದ್ದರು. ಮೇಲಣ್ಣ ಒಪ್ಪಿದ. ಅವನ ಹೆಂಡತಿಯೂ ಜೊತೆಗೆ ಬಂದಿದ್ದಳು. ಅತ್ತೆ, "ಆರೋಗ್ಯವಂತರ ಕಡೆಗೆ ನನ್ನ ಬರ್ಕೊಳ್ಳಮ್ಮಾ" ಎಂದು ಮುಂದೆ ಬಂದರು.

ಸಂಶೋಧಕಿ ಪ್ರಶ್ನೆ ಕೇಳುತ್ತ ಹೋದಳು. ಮೈಯಲ್ಲಿ ಲೋಹ ಇದೆಯಾ? ಇಲ್ಲ. ಇಕ್ಕಟ್ಟಿನ ಜಾಗದ ಭಯ? "ನಮ್ಮ ಅಡುಗೆಮನೆ ನೋಡಿಲ್ಲ ನೀನು."

"ಯಾವಾಗಲಾದರೂ, ವಾರಗಟ್ಟಲೆ, ಏನೂ ಬೇಡ ಅನ್ನಿಸಿದ್ದುಂಟಾ ಅಜ್ಜಿ?"

ಅತ್ತೆ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಉಂಟಮ್ಮಾ. ಹೆರಿಗೆ ಆದ್ಮೇಲೆ. ಮಗು ಅಳ್ತಿದ್ರೆ ಗೋಡೆ ನೋಡ್ತಾ ಮಲಗಿರ್ತಿದ್ದೆ. ಎತ್ಕೊಳ್ಳೋಕೆ ಕೈ ಬರ್ತಿರಲಿಲ್ಲ. ಎಲ್ಲರೂ ಕೊಬ್ಬು ಅಂದ್ರು. ಯಾವಾಗ ಹೋಯ್ತೋ ಗೊತ್ತಿಲ್ಲ, ತಾನಾಗೇ ಹೋಯ್ತು."

ಪಕ್ಕದಲ್ಲಿ ಮಗಳು ಕುಳಿತಿದ್ದಳು. ಹುಟ್ಟಿದ್ದು ಅವಳೊಬ್ಬಳೇ.

"ಅಮ್ಮಾ, ನನ್ನಿಂದಲಾ?"

"ನಿನ್ನಿಂದ ಅಲ್ಲ ಕಣೇ. ನೀನು ಬಂದ ಹೊತ್ತಲ್ಲಿ ಅದೂ ಬಂತು ಅಷ್ಟೇ." ಅತ್ತೆ ಮಗಳ ಕೈ ಹಿಡಿದುಕೊಂಡರು. "ಇವರ ಮುಖ ನೋಡಿದ ಕೂಡ್ಲೇ ನಂಗೆ ಗುರುತು ಸಿಕ್ತು. ಅದಕ್ಕೇ ಮೊಣಕಾಲಿನ ನಾಟಕ."

ಮೇಲಣ್ಣ ಅತ್ತೆಯನ್ನು ಹೊಸಬರನ್ನು ನೋಡುವಂತೆ ನೋಡಿದ. ಮಗಳು ಅಳುತ್ತಿದ್ದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

ಆರೋಗ್ಯವಂತರ ಗುಂಪಿಗೆ ಅತ್ತೆ ಸೇರುವಂತಿರಲಿಲ್ಲ. ಆದರೆ ಕಾಯಿಲೆಯಿಂದ ಚೇತರಿಸಿಕೊಂಡವರ ಗುಂಪೊಂದು ಬೇರೆ ಇತ್ತು. "ನಂದು ಪಾಸಾದವರ ಸಾಲು" ಎಂದು ಅತ್ತೆ ಅಳಿಯನನ್ನು ಕೆಣಕಿದರು. ಅವನು ಬಹಳ ದಿನಗಳ ಮೇಲೆ ತುಟಿಯಂಚಲ್ಲಿ ನಕ್ಕ.

ಯಂತ್ರದೊಳಗೆ ಅಲ್ಲಾಡದೆ ಮಲಗಿ, ತೋರಿಸಿದ ಮುಖಗಳು ಸಂತೋಷದವೋ ದುಃಖದವೋ ಎಂದು ಗುಂಡಿ ಒತ್ತಬೇಕಿತ್ತು. ಮೊದಲು ಮಲಗಿದ ಅತ್ತೆಯ ದನಿ ಡಬಡಬ ಸದ್ದಿನ ನಡುವೆ ಮೈಕಿನಲ್ಲಿ ಕೇಳಿಬಂತು. "ಈ ಚಿತ್ರದವನು ಅಳ್ತಿಲ್ಲಮ್ಮಾ, ನಾಟಕ. ಇದಕ್ಕೆ ಯಾವ ಗುಂಡಿ?" ತಲೆ ಅಲ್ಲಾಡಿ ಚಿತ್ರವೆಲ್ಲ ಮಸುಕಾಯಿತು. ಇನ್ನೊಮ್ಮೆ ಮಲಗಬೇಕಾಯಿತು. ಮೇಲಣ್ಣ ತನ್ನ ಸರದಿ ಮುಗಿಸಿ ಹೊರಬಂದವನೇ, "ಈ ಮಷಿನ್ನಿಗೆ ಸರ್ವೀಸ್ ಆಗಿಲ್ಲ, ಬೇರಿಂಗ್ ಹೋಗಿದೆ" ಎಂದು ತೀರ್ಪು ಕೊಟ್ಟ. ಅದರ ಸದ್ದೇ ಹಾಗೆ, ಹೊಸದರಲ್ಲೂ ಹೀಗೇ ಇತ್ತು ಎಂದು ತಂತ್ರಜ್ಞ ಹೇಳಿದಾಗ ಅವನಿಗೆ ಸ್ವಲ್ಪ ಅವಮಾನವಾಯಿತು.

"ನನ್ನ ಕಾಯಿಲೆ ಎಲ್ಲಿದೆ ತೋರ್ಸಿ" ಎಂದು ಪರದೆಗೆ ಮೂಗು ತಾಗುವಂತೆ ಬಗ್ಗಿದ.

"ಒಬ್ಬರ ಚಿತ್ರ ನೋಡಿ ಹೇಳೋಕಾಗಲ್ಲ ಸಾರ್" ಎಂದಳು ಸಂಶೋಧಕಿ. "ನೂರಾರು ಜನರದ್ದು ಒಟ್ಟಿಗೆ ಇಟ್ಟು ನೋಡಿದ್ರೆ ಸಣ್ಣಸಣ್ಣ ವ್ಯತ್ಯಾಸ ಕಾಣುತ್ತೆ. ಅದೂ ಕೆಲವೊಮ್ಮೆ ಒಂದು ಕಡೆ ಕಂಡಿದ್ದು ಇನ್ನೊಂದು ಕಡೆ ಕಾಣಲ್ಲ. ನಮಗೂ ಪೂರ್ತಿ ಗೊತ್ತಿಲ್ಲ."

ಮೇಲಣ್ಣನಿಗೆ ನಿರಾಸೆಯಾಯಿತು. ಜೊತೆಗೇ ಒಂದು ಸಮಾಧಾನ. ಓದಿದವರಿಗೇ ಪೂರ್ತಿ ಗೊತ್ತಿಲ್ಲವೆಂದ ಮೇಲೆ, ತನಗೆ ಕಾರಣ ಹೊಳೆಯದಿದ್ದುದು ತನ್ನ ತಪ್ಪಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಮತ್ತೆ ಅಡುಗೆಗೆ ಹೆಸರಿಡತೊಡಗಿದ. ಅತ್ತೆ ಬೈಯುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದರು. ಕಾಯಿಲೆ ಒಂದೇ ಸಲಕ್ಕೆ ವಾಸಿಯಾಗಲಿಲ್ಲ. ನಡುವೆ ಒಂದು ವಾರ ಹಳೆಯ ಭಾರ ಮತ್ತೆ ಮೈಮೇಲೆ ಬಂತು. ಈ ಸಲ ಅವನು ಮುಚ್ಚಿಡಲಿಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು, "ಇವತ್ತು ಆಗ್ತಿಲ್ಲ ಕಣೇ" ಎಂದ. ಹೆಂಡತಿ ಯಂತ್ರ ನಿಲ್ಲಿಸಿ, ಗಿರಾಕಿಯ ರವಿಕೆಯನ್ನು ಬದಿಗಿಟ್ಟು, ಅವನ ಜೊತೆ ಬೀದಿಯ ಕೊನೆಯವರೆಗೂ ನಡೆದು ಬಂದಳು.