ಶೆಣೈ ಅಂಕಲ್ ನಗು

‘ಎಲ್ಲರ ನಗು ಅಣಕಿಸ್ತೀಯಲ್ಲ, ನಮ್ಮವರದ್ದು ಯಾಕೆ ಬಿಟ್ಟೆ?’ ಎಂದು ಸುಮತಿ ಆಂಟಿ ನನ್ನನ್ನು ಕೇಳಿದ್ದು ಹೌಜ್ ಖಾಸ್ ಪಾರ್ಕಿನ ನಮ್ಮ ಬೆಳಗಿನ ನಗೆಕೂಟದಲ್ಲಿ. ಪತಿ ಶೆಣೈ ಅಂಕಲ್ ತೀರಿಕೊಂಡ ಮೇಲೆ ಆಂಟಿ ಬಂದದ್ದು ಅಂದೇ ಮೊದಲು. ನಾನು ದೆಹಲಿಯ ಚಳಿಗೆ ಸ್ಟಾರ್ಟಾಗದ ಸ್ಕೂಟರಿನಂತೆ ಕೆಮ್ಮಿ ಕೆಮ್ಮಿ, ಕೊನೆಗೆ ಅಂಕಲ್ ಹಾಗೇ ಸಿಡಿದು ನಕ್ಕೆ. ಆಂಟಿ ಕಣ್ಣು ಮುಚ್ಚಿ ಕೇಳಿಸಿಕೊಂಡರು.

‘ಕೊನೇಲಿ ಒಂದು ಸೀನು ಬರ್ತಿತ್ತು ಕಣೋ, ಅದನ್ನ ನೀನು ನುಂಗಿದೆ’ ಎಂದವರು ತಾವೇ ಸೀನಿ ತೋರಿಸಿ ನಕ್ಕುಬಿಟ್ಟರು. ದಿನವೂ ‘ಚಲೋ, ಹಾ ಹಾ’ ಎಂದು ನಗೆಕೂಟ ನಡೆಸುವ ಗುರುಗಳು ಅಪ್ಪಣೆ ಕೊಟ್ಟ ಮೇಲೆ ನಗುವ ನಾವು ಅಂದು ಯಾರಿಗೂ ಕಾಯಲಿಲ್ಲ.

ಸಮಾಜ ಸುಖವಾಗಿರಲು ಏನು ಬೇಕೆಂದು ಗುರುಗಳು ಈಗಲೂ ಭಾಷಣ ಮಾಡುತ್ತಾರೆ. ಅವರನ್ನು ಅಣಕಿಸುವಾಗ ನಾನು ಕೊನೆಗೆ ಅಂಕಲ್ ಅವರ ಸೀನನ್ನು ಸೇರಿಸುತ್ತೇನೆ. ಅದನ್ನು ಕೇಳಲು ಆಂಟಿ ತಪ್ಪದೆ ಬರುತ್ತಾರೆ.