ಸಿಸ್ಟರ್ ಎವ್ಲಿನ್‌ಗಾಗಿ ತೆಗೆದ ಬೀಗ

ಸುತ್ತೂರಿನ ಹತ್ತಿರದ ಹಳ್ಳಿಯಲ್ಲಿ ಮಂಗಳಮ್ಮನ ಮೊದಲ ಹೆರಿಗೆ ಎರಡು ದಿನ ಎಳೆದಿತ್ತು. ಟಿ. ನರಸೀಪುರದ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟಿನಿಂದ ಹೆರಿಗೆ ಮಾಡಿಸುವ ಸಿಸ್ಟರ್ ಎವ್ಲಿನ್ ಲೂನಾ ಮೊಪೆಡ್ಡು ಏರಿ ಬಂದು ತಾಯಿ, ಮಗು ಇಬ್ಬರನ್ನೂ ಉಳಿಸಿದರು. ಆ ಋಣಕ್ಕೋ ಏನೋ, ಮುಂದೆ ಅದೇ ಕಾನ್ವೆಂಟಿನ ಅಡುಗೆ ಕೆಲಸಕ್ಕೆ ಸೇರಿದ ಮಂಗಳಮ್ಮ ಇಪ್ಪತ್ತೆಂಟು ವರ್ಷ ಅಲ್ಲೇ ಉಳಿದಳು.

ಕೊನೆಗೆ ಅಲ್ಲಿ ಇದ್ದವರು ನಾಲ್ವರು ವಯಸ್ಸಾದ ಸಿಸ್ಟರುಗಳು, ಅವರನ್ನು ನೋಡಿಕೊಳ್ಳುವ ಮದರ್. ಎಂಬತ್ತು ದಾಟಿದ ಸಿಸ್ಟರ್ ಎವ್ಲಿನ್‌ಗೆ ಮರೆವಿನ ಕಾಯಿಲೆ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಬ್ಯಾಗು ಹಿಡಿದು ಹೊರಟುಬಿಡುತ್ತಿದ್ದರು. "ಮಾರಯ್ಯನ ಸೊಸೆಗೆ ನೋವು ಶುರುವಾಗಿದೆ." ಆ ಸೊಸೆ ಆಗಲೇ ಮೊಮ್ಮಕ್ಕಳನ್ನು ಕಂಡಿದ್ದಳು.

ಮದರ್ ಗೇಟಿಗೆ ಬೀಗ ಹಾಕಿಸಿದರು. ಸಿಸ್ಟರ್ ಕಂಬಿ ಹಿಡಿದು ಮಧ್ಯಾಹ್ನದವರೆಗೆ ಅತ್ತರು.

"ಬೀಗ ತೆಗೀರಿ ಮದರ್. ಊರೋರ್ಗೆ ನಾನು ಯೋಳ್ತೀನಿ," ಎಂದಳು ಮಂಗಳಮ್ಮ.

ಬೇಕರಿ, ಮೆಡಿಕಲ್ ಸ್ಟೋರು, ಆಟೊ ಸ್ಟ್ಯಾಂಡು ಎಲ್ಲ ಸುತ್ತಿದಳು. "ಸಿಸ್ಟರ್‌ಗೆ ಎದುರು ಮಾತಾಡ್ಬ್ಯಾಡಿ. ಎರಿಗೆ ಆಯ್ತು, ತಾಯಿ ಮಗು ಚೆನ್ನಾಗವ್ರೆ ಅನ್ನಿ. ಕೂರ್ಸಿ ಟೀ ಕೊಟ್ಟು ನಂಗೊಂದು ಫೋನ್ ಮಾಡಿ."

ಜನ ಒಪ್ಪಿದರು. ಎರಡು ವರ್ಷ ಹಾಗೇ ನಡೆಯಿತು. ಉಳಿದ ಸಿಸ್ಟರುಗಳೂ ಧೈರ್ಯವಾಗಿ ಬೀದಿಯಲ್ಲಿ ಅಡ್ಡಾಡತೊಡಗಿದರು. ಬೇಕರಿಯ ಸಿದ್ದು, "ನಾನೂ ಅವ್ರ ಕೈಲೇ ಉಟ್ಟಿದ್ದು ಕಣಕ್ಕ," ಎಂದು ಸಿಸ್ಟರ್ ಎವ್ಲಿನ್‌ಗೆಂದೇ ಒಂದು ಕುರ್ಚಿ ಹಾಕಿದ್ದ.

ಒಂದು ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಪರ ಊರಿನ ಹೆಂಗಸೊಬ್ಬಳ ಕೂಸು ಅಳುತ್ತಿತ್ತು. ಸಿಸ್ಟರ್ ಅದನ್ನು ಎತ್ತಿಕೊಂಡು, "ತೂಕ ಕಡಿಮೆ ಇದೆ," ಎನ್ನುತ್ತ ನಡೆದೇಬಿಟ್ಟರು. ಮಕ್ಕಳ ಕಳ್ಳಿ ಎಂಬ ಕೂಗೆದ್ದಿತು. ಮಂಗಳಮ್ಮ ಓಡಿ ಬರುವಷ್ಟರಲ್ಲಿ ಸಿಸ್ಟರ್‌ ತಲೆವಸ್ತ್ರ ಕಿತ್ತುಹೋಗಿ ತುಟಿ ಒಡೆದಿತ್ತು. ಗುಂಪಿನಲ್ಲಿ ಅರ್ಧ ಜನ ಪರಿಚಯದವರೇ. ಸಿದ್ದು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದ.

"ನೀನಾದ್ರೂ ಇವ್ರು ಯಾರು ಅಂತ ಯೋಳ್ಬಾರ್ದಾಗಿತ್ತಾ?"

"ಜನ ನನ್ ಮ್ಯಾಲೇ ಬಿದ್ದಿದ್ರೆ ಏನ್ ಮಾಡ್ಲಕ್ಕ?"

ವಿಡಿಯೋ ಊರಿಗೆಲ್ಲ ಹರಡಿತು. ವಾರದೊಳಗೆ ಕಾನ್ವೆಂಟಿನ ಮೇಲಧಿಕಾರಿಗಳು ನಾಲ್ವರನ್ನೂ ದೂರದ ವೃದ್ಧಾಶ್ರಮಕ್ಕೆ ಸಾಗಿಸಿದರು. "ನಿನ್ನ ಮಾತು ಕೇಳಿದ್ದೇ ನನ್ನ ತಪ್ಪು," ಎಂದರು ಮದರ್. ಮಂಗಳಮ್ಮನ ಕೆಲಸವೂ ಹೋಯಿತು.

ಮೂರು ತಿಂಗಳ ಮೇಲೆ ಅವಳು ಎರಡು ಬಸ್ಸು ಬದಲಿಸಿ ನೋಡಲು ಹೋದಳು. ಸಿಸ್ಟರ್ ಎವ್ಲಿನ್‌ರನ್ನು ಹಳೇ ಸೀರೆಯ ತುಂಡಿನಲ್ಲಿ ಮಣಿಕಟ್ಟು ಸೇರಿಸಿ ಕುರ್ಚಿಗೆ ಕಟ್ಟಿದ್ದರು. "ಬಿಟ್ರೆ ಎದ್ದು ಓಡ್ತಾರೆ," ಎಂದಳು ಅಲ್ಲಿಯ ಆಯಾ. ಮಂಗಳಮ್ಮ ಗಂಟು ಬಿಚ್ಚಿ, ಮಣಿಕಟ್ಟು ತಿಕ್ಕಿ, ತಂದಿದ್ದ ಹಾಲನ್ನ ತಿನ್ನಿಸಿದಳು. ಸಿಸ್ಟರ್‌ಗೆ ಅವಳ ಗುರುತು ಹತ್ತಲಿಲ್ಲ. ಸೆರಗಿನಲ್ಲಿ ಬಾಯಿ ಒರೆಸಿದಾಗ ಮಾತ್ರ ಕೈ ಹಿಡಿದುಕೊಂಡರು, ಬಿಡಲಿಲ್ಲ.

ಭೇಟಿಯ ಹೊತ್ತು ಮುಗಿಯಿತು. ಆಯಾ ಬಂದು ಆ ಬೆರಳುಗಳನ್ನು ಬಿಡಿಸಿ ಮತ್ತೆ ಗಂಟು ಹಾಕಿದಳು. ಮಂಗಳಮ್ಮ ತಡೆಯಲಿಲ್ಲ. ಊರಿಗೆ ಕೊನೆಯ ಬಸ್ಸು ಐದೂವರೆಗಿತ್ತು.